ಲೆಡ್‌ವಿಲ್‌ನಲ್ಲಿ ವರ್ನಾಳ ಕೊನೆಯ ಓಟ

ಹತ್ತು ಸಾವಿರ ಅಡಿ ಎತ್ತರದ ನಮ್ಮ ಲೆಡ್‌ವಿಲ್‌ನಲ್ಲಿ ಗಾಳಿ ತೆಳು. ಸಣ್ಣ ವಿಮಾನ ಮೇಲೇಳಬೇಕಾದರೆ ಕೆಂಪು ಹಿಡಿಯನ್ನು ಎಳೆದು ಎಂಜಿನ್ನಿಗೆ ಹೋಗುವ ಪೆಟ್ರೋಲನ್ನು ಕಡಿಮೆ ಮಾಡಲೇಬೇಕು. ಇದನ್ನು ನನಗೆ ಕಲಿಸಿದವಳು ವರ್ನಾ ಟಿಡ್ವೆಲ್. ನಾನು ಇಲ್ಲಿನ ವಿಮಾನ ನಿಲ್ದಾಣದಲ್ಲಿ ಮೆಕ್ಯಾನಿಕ್. ಆಕೆ ನಲವತ್ತು ವರ್ಷ ಹಾರಾಟ ಕಲಿಸಿದವಳು.

“ಕೆಂಪು ಹಿಡೀನ ಮೆಲ್ಲಗೆ ಎಳಿ, ಹಾಲಿಸ್. ಎಂಜಿನ್ ದನಿ ಬಿಗಿಯಾದ್ಮೇಲೆ ಕೂದಲೆಳೆಯಷ್ಟು ವಾಪಸ್ ತಳ್ಳು. ಇಲ್ಲಾಂದ್ರೆ ಕುಡಿದು ಅಮಲೇರಿದ ಎಂಜಿನ್ನು ನಿನ್ನನ್ನ ಪೈನ್ ಮರದ ಮೇಲೆ ಕೂರಿಸುತ್ತೆ!”

ಆ ಜುಲೈ ಬೆಳಿಗ್ಗೆ ಇಬ್ಬರೂ ತಿಂಡಿಗೆಂದು ಹತ್ತಿರದ ಊರು ಸಲೈಡಾಕ್ಕೆ ವಿಮಾನದಲ್ಲಿ ಹೊರಟಿದ್ದೆವು; ಹಾರಿಸುತ್ತಿದ್ದವಳು ವರ್ನಾ. ಕೆಂಪು ಹಿಡಿ ಪೂರ್ತಿ ಒಳಗಿತ್ತು. ಈಗ ಎಳೆಯುತ್ತಾಳೆ, ಈಗ ಎಳೆಯುತ್ತಾಳೆ ಎಂದು ಕಾದೆ. ಆಕೆ ಬ್ರೇಕ್ ಬಿಟ್ಟಳು. ಎಂಜಿನ್ ಮುಗ್ಗರಿಸುತ್ತ ಓಡಿತು. ಅರ್ಧ ರನ್‌ವೇ ಮುಗಿದರೂ ವೇಗ ಏರಲಿಲ್ಲ.

“ವರ್ನಾ, ಕೆಂಪು ಹಿಡಿ!”

“ಪೂರ್ತಿ ಒಳಗಿದೆಯಲ್ಲೋ. ಅಪ್ಪ ಹೇಳಿಕೊಟ್ಟಿದ್ದೇ ಹಾಗೆ.”

ಅಪ್ಪ ಆಕೆಗೆ ಕಲಿಸಿದ್ದು ಹದಿನಾರನೇ ವಯಸ್ಸಿನಲ್ಲಿ, ಗ್ಯಾಲ್‌ವೆಸ್ಟನ್ನಿನ ಕಡಲತೀರದಲ್ಲಿ. ಅಲ್ಲಿ ಗಾಳಿ ದಟ್ಟ, ಹಿಡಿ ಪೂರ್ತಿ ಒಳಗೇ ಇರಬೇಕು. ನಾನು ಎಂಜಿನ್ ವೇಗ ಇಳಿಸಿ ಬ್ರೇಕ್ ಒತ್ತಿದೆ. ರನ್‌ವೇಯ ಅಂಚಿನಲ್ಲಿ ನಿಂತೆವು.

ಆಕೆ ಹೊರಗೆ ನೋಡಿದಳು. “ಇಷ್ಟು ದೊಡ್ಡ ಬೆಟ್ಟ ಇಲ್ಲಿ ಯಾವಾಗ ಬಂತು?”

ಸ್ವಲ್ಪ ಹೊತ್ತಿಗೆ ಆಕೆಯ ಕಣ್ಣು ಕೆಂಪು ಹಿಡಿಯ ಮೇಲೆ ನಿಂತಿತು. ಮುಖದ ಬಣ್ಣ ಇಳಿಯಿತು.

“ನನ್ನ ಶಿಷ್ಯರು ಯಾರಾದ್ರೂ ಹೀಗೆ ಮಾಡಿದ್ರೆ ನಾನೇನಂತಿದ್ದೆ, ಹಾಲಿಸ್?”

ನಾನು ಎಂಜಿನ್ ಆರಿಸಿದೆ.

“ಇಳಿ ಕೆಳಗೆ ಅಂತಿದ್ದೆ,” ಎಂದು ತಾನೇ ಸೀಟಿನ ಪಟ್ಟಿ ಬಿಚ್ಚಿ ಇಳಿದಳು. ಎಷ್ಟು ಕರೆದರೂ ಹತ್ತಲಿಲ್ಲ. ಹುಲ್ಲಂಚಿನಲ್ಲಿ ನಡೆದೇ ಹೋದಳು; ಅವಳ ಹಿಂದೆ ನಾನು ವಿಮಾನವನ್ನು ತೆವಳಿಸಿಕೊಂಡು ಬಂದೆ. ಷೆಡ್ಡಿನಲ್ಲಿ ವಿಮಾನದ ಬೀಗದ ಕೈ ನನ್ನ ಅಂಗೈಗೆ ಒತ್ತಿ, “ನಾನು ಕೇಳಿದ್ರೂ ಕೊಡಬೇಡ,” ಎಂದಳು.

ಮುಂದಿನ ಶನಿವಾರ ಎಂದಿನಂತೆ ಬಂದಳು. “ಹವಾ ಚೆನ್ನಾಗಿದೆ. ಇನ್ನೂ ಯಾಕೆ ಹೊರಗೆ ತಂದಿಲ್ಲ, ಸೋಮಾರಿ?”

ನಡೆದದ್ದನ್ನು ಹೇಳಿದೆ. ಮೊದಲ ಸಲ ಕೇಳಿದವಳಂತೆ ಅತ್ತಳು. ಅದರ ಮುಂದಿನ ಶನಿವಾರವೂ ಕೇಳಿದಳು, ಹೇಳಿದೆ, ಅತ್ತಳು.

ಮೂರನೆಯ ಸಲ ನಿಜ ಹೇಳಲು ನನ್ನಿಂದ ಆಗಲಿಲ್ಲ. “ಎಂಜಿನ್ನಿನ ಕಾರ್ಬ್ಯುರೇಟರ್ ಬಿಚ್ಚಿದೀನಿ, ವರ್ನಾ. ಇವತ್ತಾಗಲ್ಲ.”

“ಹೌದಾ? ಸರಿ, ಕಾಯ್ತೀನಿ ಬಿಡು,” ಎಂದು ಬೆಂಚಿನ ಮೇಲೆ ಕುಳಿತಳು. ಮಧ್ಯಾಹ್ನದವರೆಗೂ ನಾನು ಏನಾದರೂ ಬಿಚ್ಚುತ್ತಲೇ ಇರಬೇಕಾಯಿತು.