ಅಕ್ಕನ ನಾಲ್ಕು ಚೊಂಬು

ಪಕ್ಕದ ಮೀನಂಗಡಿ ಊರಿನಿಂದ ಆಳು ಓಡಿ ಬಂದದ್ದು ಮಧ್ಯಾಹ್ನ. ಹೊತ್ತು ಮೂಡುತ್ತಲೇ ಮಗಳ ಮನೆಗೆ ಹೋಗಿದ್ದ ನನ್ನ ಅಕ್ಕ ಕಮಲಾವತಿ, ಅಲ್ಲಿನ ಜಗಲಿಯಲ್ಲಿ ಜಪಸರ ಹಿಡಿದು ಕುಳಿತಲ್ಲೇ ತೀರಿಕೊಂಡಿದ್ದಳು. ಎಂಬತ್ತು ತುಂಬಿತ್ತು. ಸಂಜೆಯೊಳಗೆ ದಹನವಾಗಬೇಕು. ಗಾಡಿ ಕಟ್ಟಲು ಹೇಳಿ ಒಳಗೆ ಬಂದರೆ, ಅಡಿಗೆಮನೆಯಲ್ಲಿ ಅವಳ ನಾಲ್ಕು ಚೊಂಬುಗಳು!

ನಾವು ಜೈನರು ನೀರನ್ನು ಸೋಸದೆ ಕುಡಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ತೊಳೆದು, ಬಾವಿಯದನ್ನು ಬಾವಿಗೆ, ತೋಡಿನದನ್ನು ತೋಡಿಗೆ ಮರಳಿ ಬಿಡಬೇಕು. ಆ ತೊಳೆದ ನೀರೇ ಚೊಂಬುಗಳಲ್ಲಿದ್ದದ್ದು. ಹೋಗುವಾಗ ಅಕ್ಕ, ಮೂರು ಎಲ್ಲಿಯವೆಂದು ಹೇಳಿ, ಒಂದನ್ನು ಕೆಲಸದವಳಿಗೆ ಕೊಡೆಂದು ಹೋಗಿದ್ದಳು. ನಾನು ತಲೆಯಾಡಿಸಿ, ಊಟಕ್ಕೆ ಜಾಗ ಮಾಡಲು ಚೊಂಬುಗಳನ್ನೆಲ್ಲ ಅತ್ತಿತ್ತ ಸರಿಸಿಬಿಟ್ಟಿದ್ದೆ. ಅರವತ್ತು ವರ್ಷ ಅವಳು ತಪ್ಪಿಸದ ನೇಮ, ಕಡೆಯ ದಿನ ನನ್ನಿಂದ ಕೆಡಬೇಕೆ?

ಕಾಡಂಚಿನ ಹಾಡಿಯಿಂದ ಮನೆಗೆಲಸಕ್ಕೆ ಬರುವ ಕಾರ್ತು ಕಣ್ಣೊರಸಿಕೊಂಡು ಬಂದಳು.

"ಇದಕ್ಕಾ ಇಷ್ಟು ಬೆವರು ಗೌಡರೇ? ಇತ್ತ ಕೊಡಿ." ಒಂದನ್ನು ಮೂಸಿದಳು. "ಬಿಳಿ ದೊರೆ ತೋಟದ ಕಾಫಿ ಸಿಪ್ಪೆ ನಾರ್ತದೆ. ಇದು ತೋಡು. ಇದರಲ್ಲಿ ನೆಲ್ಲಿ ಎಲೆ, ನಿಮ್ಮ ಬಾವಿ. ಈ ಕೆಸರು ಗದ್ದೆ ಬದಿಯ ಕೆರೆಯದ್ದು."

ನಾಲ್ಕನೆಯದು ತಿಳಿಯಾಗಿತ್ತು. ತಳದಲ್ಲಿ ಒಂದು ಎಳೆ ನಾರು. ಕಾರ್ತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳು!

"ಇದು ನಮ್ಮ ಹಾಡಿಯ ಕೇಣಿ."

ನೀರಿನ ಊಟೆಯ ಮೇಲೆ ಟೊಳ್ಳು ಮಾಡಿದ ಪನೆ ಮರದ ಬುಡವನ್ನು ಇಳಿಸಿ, ಅವರ ಹಿರಿಯರು ಮಾಡಿದ ಪುಟ್ಟ ಬಾವಿ ಅದು.

"ನಿಮ್ಮ ಕೇಣಿಯ ನೀರು ನಮ್ಮ ಮನೆಯಲ್ಲಿ?"

"ಅಮ್ಮ ದಿವಸಾ ಬಂದು ಕುಡಿತಿದ್ರು. ನಿಮ್ಮ ಬಾವಿ ಚಪ್ಪೆಯಂತೆ. 'ತಮ್ಮನಿಗೆ ಹೇಳಬೇಡ, ಮಡಿಯ ಪುರಾಣ ತೆಗೀತಾನೆ' ಅಂದ್ರು. ಒಂದಿನ ಕೇಳಿದೆ, 'ಹುಳಕ್ಕೂ ಮನೆ ಗೊತ್ತಾ ಅಮ್ಮ?' ಅಂತ. 'ನಿನ್ನ ಮೈಸೂರಲ್ಲಿ ಬಿಟ್ಟು ಬಂದ್ರೆ ಅಳಲ್ವಾ?' ಅಂದ್ರು."

ಅಳುತ್ತಿದ್ದವನಿಗೆ ನಗು ಬಂತು.

ಮೂರು ಚೊಂಬುಗಳ ನೀರನ್ನು ಅದರದರ ಜಾಗಕ್ಕೆ ಬಿಟ್ಟು, ನಾಲ್ಕನೆಯದನ್ನು ತೊಡೆಯ ಮೇಲಿಟ್ಟುಕೊಂಡು ಕಾರ್ತುವಿನೊಡನೆ ಗಾಡಿ ಹತ್ತಿದೆ. ಹಾಡಿ ದಾರಿಯಲ್ಲೇ ಇತ್ತು. ಇಷ್ಟು ವರ್ಷದಲ್ಲಿ ನಾನು ಅಲ್ಲಿ ಕಾಲಿಟ್ಟವನಲ್ಲ. ಇಳಿದು ನಾಲ್ಕು ಹೆಜ್ಜೆ ಹೋಗುವುದರೊಳಗೆ ಕಾರ್ತು ಕೂಗಿದಳು:

"ಗೌಡರೇ, ಚೆರುಪ್ಪು ಬಿಚ್ಚಿ! ಮಡಿ ನಿಮಗೆ ಮಾತ್ರ ಅಲ್ಲ, ನಮ್ಮ ಕೇಣಿಗೂ ಉಂಟು."

ಮೆಟ್ಟು ಬಿಟ್ಟು ಬರಿಗಾಲಲ್ಲಿ ಹೋಗಿ, ಬಾಗಿ, ಚೊಂಬನ್ನು ಮೆಲ್ಲಗೆ ಬರಿದು ಮಾಡಿದೆ. ಮತ್ತೆ ಅದರಲ್ಲೇ ನೀರು ಮೊಗೆದು, ಉತ್ತರೀಯದಲ್ಲಿ ಸೋಸಿ ಒಂದು ಬೊಗಸೆ ಕುಡಿದೆ. ಅಕ್ಕನ ಮಾತು ನಿಜ. ನಮ್ಮ ಬಾವಿ ಚಪ್ಪೆಯೇ.

ಉತ್ತರೀಯವನ್ನು ಅಲ್ಲಿಯೇ ತೊಳೆದು, ಆ ನೀರನ್ನೂ ಕೇಣಿಗೆ ಬಿಟ್ಟು ಕೈ ಮುಗಿದೆ.

ಜಿನೇಶ್ವರಾ, ಕಣ್ಣಿಗೆ ಕಾಣದ ಹುಳುವನ್ನೂ ಅದರ ಮನೆ ಮುಟ್ಟಿಸಿದವಳು ನನ್ನಕ್ಕ. ಅವಳ ಜೀವಕ್ಕೆ ಸದ್ಗತಿಯಾಗಲಿ, ಶಾಂತಿ ಸಿಗಲಿ.