ಎರಡು ಡಿಸ್ಕು, ಎರಡು ಬೊಟ್ಟು

ರ‍್ಯಾಮ್ ಪಟ್ಟಿಯ ಅಂಚನ್ನು ರಬ್ಬರಿನಿಂದ ಉಜ್ಜಿ, ಒಮ್ಮೆ ಊದಿ, ತ್ರಿವೇಣಿ ಅದನ್ನು ಮತ್ತೆ ಅದರ ಜಾಗಕ್ಕೆ ಒತ್ತಿದಳು. ಆಗಾಗ ಮುನಿಸಿಕೊಳ್ಳುವ ಈ ಹಳೆಯ ಕಂಪ್ಯೂಟರನ್ನು ಎಂಟು ವರ್ಷಗಳಿಂದ ಹೀಗೆಯೇ ಒಲಿಸಿಕೊಳ್ಳುತ್ತ ಬಂದಿದ್ದಳು. ಇಂದು ಅದು ಒಲಿಯಲಿಲ್ಲ. ಕಪ್ಪು ಪರದೆಯ ಮೇಲೆ ಅದೇ ಬಿಳಿ ಸಾಲು: ಬೂಟ್ ಆಗುವ ಡಿಸ್ಕ್ ಇಲ್ಲ.

ಬಂಗಾರಪೇಟೆ ಸ್ಟೇಷನ್ ರಸ್ತೆಯ ಅವಳ ಟೈಪಿಂಗ್ ಅಂಗಡಿಯ ಸಮಸ್ತವೂ ಅದರ ಡಿಸ್ಕಿನಲ್ಲಿತ್ತು. ಅದು ಕಿರಗುಟ್ಟತೊಡಗಿದ್ದರಿಂದ ಮೈದುನ ಸುಧಾಕರ್ ಅಂಥದ್ದೇ ಇನ್ನೊಂದನ್ನು ತಂದು, ಬೆಳಿಗ್ಗೆ ಎರಡು ಗೂಡಿನ ನಕಲು ಯಂತ್ರದಲ್ಲಿಟ್ಟು ನಕಲು ಮಾಡಿದ್ದ.

"ಹಳೇದನ್ನೇ ವಾಪಸ್ ಹಾಕಿದ್ರೂ ಅಂಗೇ ಅಂತೈತೆ. ನಿಮ್ ಕಂಪ್ಯೂಟರ್‌ಗೂ ನಿಮ್ಮಂಗೇ ಮೊಂಡಾಟ ಅತ್ತಿಗೆ," ಎಂದ ಅವನು.

"ನನ್ ಮೊಂಡಾಟ ಆಮೇಲೆ. ಮುನಿಶಾಮಮ್ಮನ ಕಾಗ್ದ ಸಿಗ್ತದೋ ಇಲ್ವೋ?"

ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಮುನಿಶಾಮಮ್ಮನ ಗಂಡ ಗಣಿಯಲ್ಲಿದ್ದುದಕ್ಕೆ ಉಳಿದ ಗುರುತೆಂದರೆ ಅವನ ಕೆಲಸದ ಪುಸ್ತಕದ ಒಂದು ಪುಟ. ತ್ರಿವೇಣಿ ಅದನ್ನು ಸ್ಕ್ಯಾನ್ ಮಾಡಿಟ್ಟಿದ್ದಳು. ಆಮೇಲೆ ಸೂರು ಸೋರಿ ಮೂಲ ಪುಸ್ತಕ ಮುದ್ದೆಯಾಯಿತು. ಗಣಿಯವರು ಕಾರ್ಮಿಕರಿಗೆ ಕೊಟ್ಟಿದ್ದ ಮನೆ ಮುದುಕಿಗೇ ಉಳಿಯುವುದೋ ಇಲ್ಲವೋ ಎಂಬ ವಿಚಾರಣೆ ಸೋಮವಾರ; ಅದಕ್ಕೆ ಆ ಪುಟವೇ ಸಾಕ್ಷಿ.

"ಯಾವ್ದು ಹಳೇದು, ಯಾವ್ದು ಹೊಸ್ದು ಅಂತ ಎಂಗೆ ಗೊತ್ತು ಮಾಡ್ದೆ?"

"ಪೆನ್ನು ಸಿಗ್ಲಿಲ್ಲ. ನಿಮ್ ದೇವ್ರ ಫೋಟೋದಿಂದ ಹಳೇದಕ್ಕೆ ಕುಂಕುಮ ಇಟ್ಟೆ. ಟೀ ಕುಡ್ಕೊಂಡು ಬಂದು, ಬೊಟ್ಟಿದ್ದದ್ದನ್ನ ಮೊದಲ್ನೇ ಗೂಡಿಗೆ ಹಾಕ್ದೆ. ಅದ್ರಲ್ಲಿರೋದು ಪಕ್ಕದ್ದಕ್ಕೆ ಇಳೀತದೆ, ಅಷ್ಟೇ."

ತ್ರಿವೇಣಿಗೆ ಬೆಳಗಿನದು ನೆನಪಾಯಿತು. ಅವನು ಟೀಗೆ ಹೋದಾಗ ಮೇಜಿನ ಮೇಲೆ ಒಂದಕ್ಕೆ ಬೊಟ್ಟಿತ್ತು, ಇನ್ನೊಂದು ಬೋಳಾಗಿತ್ತು. ಅಂಗಡಿಗೆ ಬಂದ ಹೊಸ ವಸ್ತು, ಹಾಗೆಯೇ ಶುರು ಮಾಡುವುದುಂಟೇ? ಹೊಸ ಪ್ರಿಂಟರಿಗೆ ಇಟ್ಟಂತೆ, ಹೊಸ ಸ್ಕೂಟರಿಗೆ ಇಟ್ಟಂತೆ, ಅದಕ್ಕೂ ಬೊಟ್ಟಿಟ್ಟು ಕೈ ಮುಗಿದಿದ್ದಳು. ಸುಧಾಕರನ ಕೈಗೆ ಮೊದಲು ಸಿಕ್ಕಿದ್ದು ಆ ಖಾಲಿ ಡಿಸ್ಕು. ಅದರ ಖಾಲಿತನವೇ ಎಂಟು ವರ್ಷಗಳ ಮೇಲೆ ಇಳಿದು ಎಲ್ಲವನ್ನೂ ಅಳಿಸಿತ್ತು.

ಹೇಳಬೇಕೆಂದು ಬಾಯಿ ತೆರೆದಳು. ಅವನೇ ಮೊದಲು ಮಾತಾಡಿದ.

"ಹಳೇದು ಸತ್ತೋಯ್ತು ಅತ್ತಿಗೆ. ಆಯಸ್ಸು ತೀರ್ತು, ಯಾರ್ ತಪ್ಪೂ ಇಲ್ಲ," ಎಂದು ಅವನು ಸ್ಕ್ರೂಗಳನ್ನು ಡಬ್ಬಿಗೆ ಸುರಿದ.

ಅಷ್ಟರಲ್ಲಿ ಮುನಿಶಾಮಮ್ಮನ ಫೋನು. "ಸೋಮ್ವಾರ ಬೆಳಗ್ಗೇನೇ ಬಂದು ಕಾಗ್ದ ಇಸ್ಕೊಂಡು ಓಗ್ಲಾ ತಾಯಿ?"

"ನೀವು ಬರೋದು ಬೇಡ ಅಮ್ಮ, ಕಾಲು ನೋವು ನಿಮ್ಗೆ," ಎಂದಳು ತ್ರಿವೇಣಿ.

"ನೀನೇ ತಂದ್ಕೊಡ್ತೀಯಾ? ಬಂಗಾರದಂಥೋಳು ಕಣಮ್ಮ."

ಫೋನ್ ಇಟ್ಟಳು. ಪುಟ ಮತ್ತೆ ಹುಟ್ಟುವುದಿಲ್ಲ. ಸೋಮವಾರ ಅಂಗಡಿ ಮುಚ್ಚಿ, ಮುದುಕಿಯ ಊರಿಗೆ ಹೋಗುವ ಬೆಳಗಿನ ಮಾರಿಕುಪ್ಪಂ ರೈಲು ಹತ್ತಬೇಕು. ಮೊದಲು ಮುದುಕಿಯ ಮುಂದೆ, ಆಮೇಲೆ ವಿಚಾರಣೆಯಲ್ಲಿ, ಆ ಪುಟವನ್ನು ಕಣ್ಣಾರೆ ಕಂಡವಳು ನಾನು, ಕಳೆದವಳೂ ನಾನೇ ಎಂದು ಹೇಳಬೇಕು. ಬರೀ ಬಾಯಿಮಾತನ್ನು ಅಲ್ಲಿ ಯಾರು ನಂಬುತ್ತಾರೋ ಅವಳಿಗೆ ಗೊತ್ತಿರಲಿಲ್ಲ.

"ಏನಂತೆ ಅಜ್ಜಿ?" ಎಂದು ಸುಧಾಕರ್ ಕೇಳಿದ.

"ಏನಿಲ್ಲ," ಎಂದು ತ್ರಿವೇಣಿ ಮೇಜು ಒರೆಸತೊಡಗಿದಳು.