ಗೊಂಬೆಯ ಮಾಸ್ಕ್

“ಸತ್ತೋನು ಸತ್ತ. ಗೊಂಬೆ ಮುಖದಲ್ಲಿದ್ದಿದ್ದನ್ನ ಯಾಕೆ ಕಿತ್ಕೊಂಡ್ ಬಂದ, ಹಾಳಾದೋನು?”

ಲ್ಯಾಬಿನ ಸ್ಟೋರ್‌ಕೀಪರ್ ಬಾಗಿಲಲ್ಲೇ ನಿಂತಿದ್ದ. ನನ್ನ ಗಂಡನನ್ನು ಮಣ್ಣು ಮಾಡಿದ ಮೇಲೆ ನೆಂಟರೆಲ್ಲ ಹೊರಟುಹೋಗಿ, ಮನೆಯಲ್ಲಿ ಅತ್ತೆ, ನಾನು ಇಬ್ಬರೇ ಎದ್ದ ಮೊದಲ ಬೆಳಗು. ಅತ್ತೆ ಬೇಗ ಬಟ್ಟೆ ಒಗೆದು ಮುಗಿಸಿದ್ದರು. ಕೈಗೆ ಅಭ್ಯಾಸವಾಗಿಬಿಟ್ಟಿತ್ತು: ಮಗನ ಮಾಸ್ಕನ್ನೂ ಸೋಪು ಹಚ್ಚಿ ತಿಕ್ಕಿ, ಹಗ್ಗಕ್ಕೆ ಹಾಕಿದ್ದರು.

“ಕಿತ್ಕೊಂಡ್ ಬಂದಿಲ್ಲಪ್ಪ, ಕೇಳಿ ತಂದಿದ್ದು. ನಿಮ್ಮ ಸಾಹೇಬ್ರೇ ಕೊಟ್ಟಿದ್ದು,” ಎಂದರು ಅತ್ತೆ.

“ಎರವಲು ಕೊಟ್ಟಿದ್ದಮ್ಮ, ದಾನ ಅಲ್ಲ. ಇವತ್ತು ಟ್ರೈನಿಂಗು, ಹೊರಗಿನೋರು ಬಂದಿದಾರೆ. ಗೊಂಬೆ ಬರೀ ಮುಖದಲ್ಲಿ ನಿಂತಿದೆ.” ನನ್ನ ಕಡೆ ತಿರುಗಿದ. “ನೀನೇ ತಗೊಂಡ್ ಬರ್ಬೇಕಂತೆ. ಅವನ ಕೆಲಸ ನಿಂಗೇ ಕೊಡ್ತಾರೆ. ಅವನಿಗೆ ಜ್ವರ ಮನೇಲೇ ಬಂತು, ಲ್ಯಾಬಲ್ಲಲ್ಲ ಅಂತ ಎಲ್ಲರ ಮುಂದೆ ಹೇಳಿದ್ರೆ ಸಾಕು.”

ನನ್ನ ಗಂಡ ಲ್ಯಾಬಿನ ತೊಳೆಯುವ ಕೋಣೆಯಲ್ಲಿ ಕೆಲಸಕ್ಕಿದ್ದ. ರೋಗಿಗಳ ಕಫ, ರಕ್ತ ತುಂಬಿದ ಬಾಟಲಿಗಳನ್ನು ಹಬೆಯ ಡ್ರಮ್ಮಿಗೆ ತುಂಬಿ ಬೇಯಿಸುವುದು, ಆಮೇಲೆ ತೊಳೆಯುವುದು. ಆ ಕೋಣೆಗೆ ಮಾಸ್ಕ್ ಬರುತ್ತಿರಲಿಲ್ಲ. ಹಾಕಿಕೊಳ್ಳುವುದು ಹೇಗೆಂದು ತೋರಿಸಲು ತರಬೇತಿ ಹಾಲಿನಲ್ಲಿಟ್ಟ ಪ್ಲಾಸ್ಟಿಕ್ ಗೊಂಬೆಯ ಮುಖದಲ್ಲಿ ಒಂದಿತ್ತು, ದಪ್ಪನೆಯದು. ಕೇಳಿ ತಂದ. ದೊಡ್ಡವರು ಬಂದ ದಿನ ಗೊಂಬೆಗೆ ವಾಪಸು ಹಾಕಿ, ತಾನು ಟವೆಲ್ ಕಟ್ಟಿಕೊಳ್ಳುತ್ತಿದ್ದ.

“ಗೊಂಬೆಗಿಂತ ನಂಗೇ ಒಪ್ಪುತ್ತೆ, ಅಲ್ವೇನೇ?” ಎಂದು ಕನ್ನಡಿಯ ಮುಂದೆ ನಿಲ್ಲುತ್ತಿದ್ದ.

ಮಾಸ್ಕ್ ಒಣಗಿತ್ತು. ಅತ್ತೆ ಅದನ್ನು ಮಡಚಿ ನನ್ನ ಕೈಗಿಟ್ಟರು. “ಹೋಗಿ ಬಾರಮ್ಮ. ಮನೆ ಬಾಡಿಗೇನ ಗೊಂಬೆ ಕಟ್ಟಲ್ಲ.”

ಲ್ಯಾಬಿನ ಕಾರಿಡಾರಿನಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದವಳು ಸಿಕ್ಕಳು. ಎಲ್ಲರೂ ಡ್ರಮ್ಮಕ್ಕ ಅನ್ನುತ್ತಾರೆ. ಮೂಗಿಗೆ ಸೆರಗು ಬಿಗಿದು, ಕೊಳಕು ಬಾಟಲಿಗಳ ಬಕೆಟ್ ಹಿಡಿದಿದ್ದಳು.

“ಆ ಬೋಳಿಮಗ ನಿನ್ನನ್ನೂ ಕರೆಸಿದ್ನಾ?” ಎಂದವಳು ನನ್ನ ಬರಿ ಹಣೆ ನೋಡಿ ನಾಲಿಗೆ ಕಚ್ಚಿಕೊಂಡಳು. “ಹಾಳ್ ಬಾಯಿ ನಂದು.”

“ಬೈಯಿ ಅಕ್ಕ, ಪರವಾಗಿಲ್ಲ.” ನಗು ಬಂದಂತಾಯಿತು, ಬರಲಿಲ್ಲ.

“ಓದಿದೋಳು ನೀನು. ನಿಂಗ್ಯಾಕೆ ಈ ಡ್ರಮ್ಮು?”

“ಓದಿದ್ದಕ್ಕೆ ಯಾರೂ ಕರೀಲಿಲ್ಲ. ಅವನು ಸತ್ತಿದ್ದಕ್ಕೆ ಕರೆದ್ರು.”

ತರಬೇತಿ ಹಾಲ್‌ನಲ್ಲಿ ಟೀ ನಡೆದಿತ್ತು. ಎಲ್ಲರೂ ಹೊಸ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡಿದ್ದರು. ಗೋಡೆಯ ಬ್ಯಾನರಿನಲ್ಲಿ ‘ಸಮರ್ಥ ಸಿಬ್ಬಂದಿ, ಸುರಕ್ಷಿತ ಪ್ರಯೋಗಾಲಯ’ ಎಂದಿತ್ತು.

“ಅಲ್ಲೇ ನಿಲ್ಲು, ಹತ್ರ ಬರ್ಬೇಡ,” ಎಂದರು ಸಾಹೇಬರು. ತರಬೇತಿ ಕೊಡಲು ಬಂದಿದ್ದ ಮೇಡಂ ಕಡೆ ತಿರುಗಿದರು. “ಇವಳ ಗಂಡ ನಮ್ಮಲ್ಲೇ ಇದ್ದ, ಪಾಪ. ಮನೇಲೇ ಜ್ವರ ಹತ್ತಿಸ್ಕೊಂಡ. ಅಲ್ವೇನಮ್ಮ?”

ನಾನು ಮಾಸ್ಕನ್ನು ಮುಂದೆ ಚಾಚಿದೆ. ಮೇಡಂ ಎದ್ದು ಬಂದು, ಕೈಗವಸು ಹಾಕಿಕೊಂಡು ಮಾಸ್ಕ್ ತೆಗೆದುಕೊಂಡರು. ಬೆರಳಲ್ಲಿ ಒತ್ತಿ ನೋಡಿದರು.

“ಇದನ್ನ ತೊಳೆದಿದ್ದೀರಾ?”

“ದಿನಾ. ಸೋಪು ಹಾಕಿ.”

“ಅಯ್ಯೋ, ತೊಳೀಬಾರದಮ್ಮ! ಸೋಪು ನೀರು ತಾಗಿದ್ರೆ ಕೆಟ್ಟುಹೋಗುತ್ತೆ. ಆಮೇಲೆ ಹಾಕ್ಕೊಂಡ್ರೂ ಒಂದೇ, ಬಿಟ್ರೂ ಒಂದೇ. ನಮ್ಮ ಮೊದಲನೇ ಪಾಠವೇ ಅದು.”

ಅತ್ತೆಯ ಕೈ ನೆನಪಾಯಿತು. ಎಷ್ಟು ಚೆನ್ನಾಗಿ ತಿಕ್ಕುತ್ತಿದ್ದರು.

“ತೊಳೆಯೋ ಕೋಣೆಯೋರಿಗೆ ಆ ಪಾಠ ಯಾರು ಹೇಳಿದ್ರು?” ಎಂದೆ.

“ಅವರಿಗೆಂಥ ಟ್ರೈನಿಂಗು?” ಸಾಹೇಬರು ನಕ್ಕರು. “ಟ್ರೈನಿಂಗ್ ದಿನ ಕುರ್ಚಿ ಹಾಕ್ತಾರೆ, ಟೀ ಕೊಡ್ತಾರೆ, ಅಷ್ಟೇ. ಆಯ್ತು, ಅದನ್ನ ಗೊಂಬೆಗೆ ಹಾಕು. ನಾಳೆಯಿಂದ ಕೆಲಸಕ್ಕೆ ಬಾ.”

ಮೇಡಂ ಕೈಯಿಂದ ಮಾಸ್ಕ್ ತೆಗೆದುಕೊಂಡೆ. ಗೊಂಬೆಯನ್ನು ದಾಟಿ ಹೋಗಿ ಸಾಹೇಬರ ಟೀ ಕಪ್ಪಿನ ಪಕ್ಕ ಇಟ್ಟೆ.

“ನಿಮ್ಮ ಹತ್ರ ಕೇಳಿ ತಂದಿದ್ದು, ನಿಮಗೇ ಕೊಡ್ತಿದೀನಿ. ಹಾಕ್ಕೊಂಡು ಆ ಕೋಣೆಗೆ ಒಂದ್ಸಲ ಹೋಗ್ಬನ್ನಿ ಸಾರ್. ಜ್ವರ ಎಲ್ಲಿಂದ ಬಂತು ಅಂತ ಆಮೇಲೆ ಹೇಳ್ತೀನಿ.”

ಅವರು ಮುಟ್ಟಲಿಲ್ಲ. ಕುರ್ಚಿ ಹಿಂದಕ್ಕೆ ಸರಿಯಿತು.

ಬಾಗಿಲಲ್ಲಿದ್ದ ಡ್ರಮ್ಮಕ್ಕ ಒಳಗೆ ಬಂದಳು. ಹಾಲಿನ ನಡುವೆ ಬಕೆಟ್ ಇಟ್ಟು, ಸೊಂಟ ಹಿಡಿದುಕೊಂಡು ಖಾಲಿ ಕುರ್ಚಿಯೊಂದರಲ್ಲಿ ಕೂತಳು. ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದಾಯಿತು.

ಹಾಲಿನಲ್ಲಿದ್ದವರೆಲ್ಲ ಗದ್ದದ ಮಾಸ್ಕನ್ನು ಒಬ್ಬೊಬ್ಬರಾಗಿ ಮೂಗಿಗೆ ಏರಿಸಿಕೊಂಡರು.